ಮುನಿಸಿಕೊಂಡ ಗಡಿಯಾರ

ಎರಡು ದಿನದಿಂದ ಏಣಿ ಹತ್ತಿ ಇಳಿದು ಕಾಲು ಸೋತಿದೆ. ನಾಲ್ಕು ಮಹಡಿಯ ಕಟ್ಟಡಕ್ಕೆ ವೈರ್‌ಲೆಸ್ ಗಡಿಯಾರ ಹಾಕುವ ಕೆಲಸ. ಮೊಳೆ ಹೊಡೆದು ನೇತು ಹಾಕಿದರೆ ಮುಗೀತು ಅಂದುಕೊಂಡಿದ್ದೆ. ಎಲ್ಲಿಂದ!

ಮೇಲೆ ಒಂದು ಮಾಸ್ಟರ್ ಡಬ್ಬಿ ಇರುತ್ತದೆ. ಅದು ಜಿಪಿಎಸ್ ಉಪಗ್ರಹಗಳಿಂದ ಸಮಯ ಹಿಡಿದು, ರೇಡಿಯೊ ಅಲೆಯಲ್ಲಿ ಎಲ್ಲ ಗಡಿಯಾರಗಳಿಗೂ ಹಂಚುತ್ತದೆ. ಆ ಉಪಗ್ರಹಗಳ ಒಳಗೆ ಪರಮಾಣು ಗಡಿಯಾರವೇ ಇದೆ. ಸುಮಾರು 20,000 ಕಿಲೋಮೀಟರ್ ಮೇಲಿಂದ ಸಲೀಸಾಗಿ ಇಳಿದು ಬಂದ ಸಮಯ, ಲಿಫ್ಟ್ ಪಕ್ಕದ ಒಂದು ಕಾಂಕ್ರೀಟ್ ಗೋಡೆ ದಾಟಲಾರದೆ ನಿಂತುಬಿಟ್ಟಿತು ನೋಡಿ. ಮೂರನೇ ಮಹಡಿಯ ಮೂಲೆ ಗಡಿಯಾರ ಎರಡೂ ಮುಳ್ಳನ್ನು 12ಕ್ಕೆ ತಂದಿಟ್ಟುಕೊಂಡು ಮುನಿಸಿಕೊಂಡ ಹಾಗೆ ಸುಮ್ನೆ ಕೂತಿತ್ತು. ಸೆಲ್ ಬದಲಿಸಿದೆ, ಪ್ರಯೋಜನ ಇಲ್ಲ. ಕೊನೆಗೆ ಕಬ್ಬಿಣದ ಬೀರುವಿನ ಹಿಂದಿನಿಂದ ತೆಗೆದು ಎದುರು ಗೋಡೆಗೆ ಹಾಕಿ, ನಡುವೆ ರೇಡಿಯೊ ಅಲೆಯನ್ನು ಹಿಡಿದು ಮುಂದಕ್ಕೆ ಕಳಿಸುವ ಒಂದು ರಿಪೀಟರ್ ಇಟ್ಟ ಮೇಲೆ, ಮುಳ್ಳುಗಳು ಗಿರ್ರನೆ ಓಡಿ 4:37ಕ್ಕೆ ಬಂದು ನಿಂತವು. ಅದನ್ನು ನೋಡುವ ಖುಷಿಯೇ ಬೇರೆ.

ಹಳೆಯ ಗಡಿಯಾರಗಳನ್ನು ಇಳಿಸುವಾಗ ಗಮನಿಸಿದೆ, ಒಂದೊಂದು ಕೋಣೆಗೆ ಒಂದೊಂದು ಸಮಯ. ಮಾಮೂಲಿ ಕ್ವಾರ್ಟ್ಜ್ ಗಡಿಯಾರ ತಿಂಗಳಿಗೆ ಹತ್ತು ಹದಿನೈದು ಸೆಕೆಂಡ್ ಆಚೀಚೆ ಹೋಗುತ್ತದೆ, ವರ್ಷಗಟ್ಟಲೆ ಯಾರೂ ಮುಟ್ಟದಿದ್ದರೆ ಇನ್ನೇನಾಗುತ್ತದೆ? ಜನರೂ ಅದಕ್ಕೇ ಹೊಂದಿಕೊಂಡಿದ್ದರು. ಬರುವಾಗ ಸಮಯದಲ್ಲಿ ಹಿಂದಿರುವ ಗಡಿಯಾರ ನೋಡುವುದು, ಹೊರಡುವಾಗ ಮುಂದಿರುವುದನ್ನು. ಈಗ ಎಲ್ಲ ಕಡೆ ಒಂದೇ ಸಮಯ. ಪಾಪ ಅನಿಸಿತು.

ಏಣಿ ಮಡಚುತ್ತಿದ್ದಾಗ ಒಬ್ಬರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಸಾರ್, ಇದೊಂದನ್ನು ಮಾತ್ರ ಐದು ನಿಮಿಷ ಮುಂದೆ ಇಡೋಕಾಗಲ್ವಾ?"