ಗೋಮಾಳದಿಂದ ಇಟ್ಟಿಗೆ ಬಯಲಿಗೆ: ಬ್ರಾಟಿಸ್ಲಾವಾದಲ್ಲಿ ಒಬ್ಬ ವಿಂಗರ್‌ನ ಜಾಡು

ವಿಯೆನ್ನಾದಿಂದ ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾಕ್ಕೆ ರೈಲಿನಲ್ಲಿ ಒಂದು ತಾಸಿನ ದಾರಿ. ಹೊರಡುವ ಮೊದಲು ಒಂದು ವಿಷಯ ನೋಡಿಕೊಳ್ಳಬೇಕು. ಈ ಎರಡು ನಗರಗಳ ನಡುವೆ ಎರಡು ಹಳಿಗಳಿವೆ. ಮಾರ್ಷೆಗ್ ಮೂಲಕ ಹೋಗುವ ರೈಲು ಮೊರಾವಾ ನದಿ ದಾಟಿ ಮುಖ್ಯ ನಿಲ್ದಾಣವಾದ ಹ್ಲಾವ್ನಾ ಸ್ತಾನಿಟ್ಸಾಕ್ಕೆ ಬರುತ್ತದೆ. ಕಿಟ್‌ಸೇ ಕಡೆಯಿಂದ ಬರುವುದು ಡ್ಯಾನ್ಯೂಬಿನ ಆಚೆ ದಡದ ಪೆತ್ರ್‌ಜಾಲ್ಕಾದಲ್ಲೇ ನಿಲ್ಲುತ್ತದೆ. ನಾವು ನೋಡಲಿರುವ ಎರಡೂ ಫುಟ್‌ಬಾಲ್ ಅಂಗಳಗಳು ಈಚೆ ದಡದಲ್ಲಿವೆ. ಹಾಗಾಗಿ ಟಿಕೆಟಿನಲ್ಲಿ ಕೊನೆಯ ನಿಲ್ದಾಣದ ಹೆಸರನ್ನು ಓದಿಯೇ ಹತ್ತಬೇಕು. ತಪ್ಪಿದರೆ ನದಿ ದಾಟಲು ಬಸ್ಸು ಹಿಡಿಯಬೇಕು, ಪಂದ್ಯದ ಸಂಜೆ ಅದು ದುಬಾರಿಯಾಗುತ್ತದೆ. ಆಸ್ಟ್ರಿಯಾ, ಸ್ಲೊವಾಕಿಯಾ ಎರಡೂ ಒಂದೇ ವೀಸಾದ ಷೆಂಗೆನ್ ದೇಶಗಳಾದರೂ ಗಡಿಯಲ್ಲಿ ತಪಾಸಣೆ ನಡೆಯಬಹುದು, ಭಾರತೀಯ ಪಾಸ್‌ಪೋರ್ಟ್ ಇರುವವರು ಅದನ್ನು ಕೋಣೆಯಲ್ಲಿ ಬಿಟ್ಟು ಬರಬಾರದು. ನಾಣ್ಯ ಬದಲಿಸುವ ತಾಪತ್ರಯವಿಲ್ಲ, 2009ರ ಜನವರಿಯಿಂದ ಸ್ಲೊವಾಕಿಯಾದಲ್ಲೂ ಯೂರೋ ಇದೆ.

ಈ ಪ್ರವಾಸದ ಗುರಿ ಕೋಟೆಯೂ ಅಲ್ಲ, ಹಳೆಯ ಪೇಟೆಯೂ ಅಲ್ಲ. ನೋವೆ ಮೆಸ್ತೊ ಬಡಾವಣೆಯಲ್ಲಿ ಹತ್ತು ನಿಮಿಷದ ನಡಿಗೆಯ ಅಂತರದಲ್ಲಿ ಎರಡು ಕ್ರೀಡಾಂಗಣಗಳಿವೆ. ಒಂದರ ಹೆಸರು ಪಾಸಿಯೆನ್ಕಿ, ಅಂದರೆ ದನ ಮೇಯುವ ಹುಲ್ಲುಗಾವಲು. ನಮ್ಮ ಮಾತಿನಲ್ಲಿ ಗೋಮಾಳ. ಇನ್ನೊಂದು ತೆಹೆಲ್ನೆ ಪೋಲೆ, ಇಟ್ಟಿಗೆ ಬಯಲು. ವ್ಲಾದಿಮೀರ್ ವೈಸ್ ಎಂಬ ವಿಂಗರ್‌ನ (ಮೈದಾನದ ಅಂಚಿನಿಂದ ದಾಳಿ ಮಾಡುವ ಆಟಗಾರನ) ವೃತ್ತಿಜೀವನ ಮೊದಲನೆಯದರ ಕ್ಲಬ್ಬಿನಲ್ಲಿ ಮೊಳೆತು, ಆರು ದೇಶಗಳ ಕ್ಲಬ್ಬುಗಳನ್ನು ಸುತ್ತಿ, ಎರಡನೆಯದಕ್ಕೆ ಬಂದು ಸೇರಿತು. ಸ್ಲೊವಾಕ್ ಭಾಷೆಯಲ್ಲಿ ವಿಂಗರ್‌ಗೆ ‘ಕ್ರೀಡೆಲ್ನೀಕ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದರೊಳಗೆ ‘ಕ್ರೀಡೆ’ ಕೇಳಿಸುತ್ತದೆ, ಆದರೆ ಮೂಲ ಬೇರೆ: ‘ಕ್ರೀಡ್ಲೊ’ ಅಂದರೆ ರೆಕ್ಕೆ.

ಮುಖ್ಯ ನಿಲ್ದಾಣದಿಂದ ಅಂಗಳಗಳಿಗೆ ಸುಮಾರು ಮೂರು ಕಿಲೋಮೀಟರ್. ಗಂಟುಮೂಟೆ ಇಲ್ಲದಿದ್ದರೆ ನಡೆಯಬಹುದು. ಟ್ರಾಮ್ ಹಿಡಿಯುವವರು ತ್ರ್‌ನವ್‌ಸ್ಕೆ ಮೀತೊ ಕೂಡುರಸ್ತೆಯನ್ನು ಗುರುತಿಟ್ಟುಕೊಳ್ಳಬೇಕು. ಅಲ್ಲಿಂದ ಝ್ಲಾಟೆ ಪಿಯೆಸ್ಕಿ ಕಡೆಗೆ ಹೋಗುವ ಟ್ರಾಮ್ ವಾಯ್ನೊರ್ಸ್ಕಾ ರಸ್ತೆಗುಂಟ ಅಂಗಳದ ಪಕ್ಕದಲ್ಲೇ ಸಾಗುತ್ತದೆ. ಕಾಗದದ ಟಿಕೆಟ್ ಕೊಂಡರೆ ಸಾಲದು, ಹತ್ತಿದ ಕೂಡಲೇ ಒಳಗಿನ ಯಂತ್ರಕ್ಕೆ ತೂರಿಸಿ ಸಮಯದ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಟಿಕೆಟೇ ಅಲ್ಲ, ದಂಡ ತಪ್ಪುವುದಿಲ್ಲ.

ಮೊದಲು ಪಾಸಿಯೆನ್ಕಿಗೆ ಹೋಗುವುದು ಒಳ್ಳೆಯದು. 1962ರಲ್ಲಿ ತೆರೆದ ಈ ಅಂಗಳದಲ್ಲಿ ಓಟದ ಹಾದಿ ಮೈದಾನವನ್ನು ಸುತ್ತುವರಿದಿದೆ, ಆಸನದಿಂದ ಗೆರೆಯವರೆಗೆ ದೂರ ಬಹಳ. ವರ್ಷಗಟ್ಟಲೆ ಇದು ಇಂಟರ್ ಬ್ರಾಟಿಸ್ಲಾವಾ ಕ್ಲಬ್ಬಿನ ಮನೆಯಾಗಿತ್ತು. ಬಣ್ಣ ಹಳದಿ-ಕಪ್ಪು. ‘ಚೆರ್ವೆನಾ ಹ್ವಿಯೆಜ್ದಾ’ ಎಂಬ ಹಳೆಯ ಹೆಸರಿನಲ್ಲಿ 1959ರ ಚೆಕೊಸ್ಲೊವಾಕ್ ಲೀಗ್ ಗೆದ್ದ ತಂಡವಿದು. 2000 ಮತ್ತು 2001ರಲ್ಲಿ ಸ್ಲೊವಾಕ್ ಲೀಗ್ ಕೂಡ. 2009ರಲ್ಲಿ ಅದರ ಲೀಗ್ ಸ್ಥಾನ ಸೆನಿಟ್ಸಾ ಎಂಬ ಊರಿನ ಕ್ಲಬ್ಬಿನ ಪಾಲಾಯಿತು. ಇಂಟರ್ ಹಾಗೆ ಕುಸಿದದ್ದು ಈ ನಗರದ ಫುಟ್‌ಬಾಲಿಗಾದ ದೊಡ್ಡ ನಷ್ಟ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಇಂಟರ್ ಅಂದರೆ ವೈಸ್ ಮನೆತನ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮಗೂ ಗೊತ್ತಿರುವ ರೂಢಿ, ಆದರೆ ಇಲ್ಲಿ ಅಜ್ಜ, ಅಪ್ಪ, ಮಗ ಮೂವರ ಹೆಸರೂ ವ್ಲಾದಿಮೀರ್ ವೈಸ್. ಅಂತರ್ಜಾಲದಲ್ಲಿ ಹುಡುಕುವಾಗ ಹುಟ್ಟಿದ ವರ್ಷ ಸೇರಿಸದಿದ್ದರೆ ಗೋಲುಗಳೂ ಪದಕಗಳೂ ಒಬ್ಬರಿಂದ ಇನ್ನೊಬ್ಬರಿಗೆ ಜಾರುತ್ತವೆ. ಅಜ್ಜ 1939, ಅಪ್ಪ 1964, ಮಗ 1989: ತಲೆಮಾರಿಗೆ ಸರಿಯಾಗಿ ಇಪ್ಪತ್ತೈದು ವರ್ಷ. ಅಜ್ಜ ರಕ್ಷಣಾ ಆಟಗಾರ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯಾ ಬೆಳ್ಳಿ ಗೆದ್ದಾಗ ತಂಡದಲ್ಲಿದ್ದರು. ಅಕ್ಟೋಬರ್ 23ರ ಫೈನಲ್‌ನಲ್ಲಿ ಹಂಗೇರಿ 2-1ರಿಂದ ಗೆದ್ದಿತು. ಹಂಗೇರಿಯ ಮೊದಲ ಗೋಲು ಅಜ್ಜ ವೈಸ್ ಅವರಿಂದಲೇ ಸ್ವಂತ ಬಲೆಗೆ ಹೋದದ್ದು. ಅಪ್ಪ ವೈಸ್ ಹುಟ್ಟಿ ಆಗ ಸುಮಾರು ಒಂದು ತಿಂಗಳಾಗಿತ್ತಷ್ಟೆ. ಅಪ್ಪ ಕೂಡ ಇಂಟರ್‌ನಲ್ಲಿ ಆಡಿ 1990ರ ವಿಶ್ವಕಪ್‌ನ ಚೆಕೊಸ್ಲೊವಾಕ್ ತಂಡಕ್ಕೆ ಏರಿದರು. ಮಗ ಇಂಟರ್‌ನ ಕಿರಿಯರ ತಂಡದಿಂದ 2006ರಲ್ಲಿ, ಹದಿನೇಳು ತುಂಬುವ ಹೊತ್ತಿಗೆ, ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿಗೆ ಹೋದರು.

ಪಾಸಿಯೆನ್ಕಿಯಿಂದ ತೆಹೆಲ್ನೆ ಪೋಲೆಗೆ ನಡೆಯುವಾಗ ದಾರಿಯ ಗುರುತಾಗಿ ಸಿಗುವುದು ಐಸ್ ಹಾಕಿ ಆಟದ ಅಂಗಳ. ಅದಕ್ಕೆ ಒಂದ್ರೆಯ್ ನೆಪೆಲಾ ಹೆಸರಿಟ್ಟಿದ್ದಾರೆ; 1972ರ ಸಪ್ಪೊರೊ ಒಲಿಂಪಿಕ್ಸ್‌ನಲ್ಲಿ ಫಿಗರ್ ಸ್ಕೇಟಿಂಗ್ ಚಿನ್ನ ಗೆದ್ದವರು. ಅದರ ಮಗ್ಗುಲಲ್ಲೇ ಸ್ಲೊವಾನ್ ಕ್ಲಬ್ಬಿನ ಅಂಗಳ ತೆಹೆಲ್ನೆ ಪೋಲೆ. ಎರಡನೇ ಮಹಾಯುದ್ಧದ ಕಾಲದ ಹಳೆಯದನ್ನು 2013ರಲ್ಲಿ ಕೆಡವಿದರು. 22,500 ಆಸನಗಳ ಹೊಸದು 2019ರ ಮಾರ್ಚ್‌ನಲ್ಲಿ ತೆರೆಯಿತು. ನಡುವಿನ ವರ್ಷಗಳಲ್ಲಿ ಸ್ಲೊವಾನ್ ತನ್ನ ಎದುರಾಳಿ ಇಂಟರ್‌ನ ಪಾಸಿಯೆನ್ಕಿಯಲ್ಲೇ ಆಡಿತು. ಹೊಸ ಅಂಗಳದಲ್ಲಿ ಓಟದ ಹಾದಿ ಇಲ್ಲ, ಮೊದಲ ಸಾಲಿನಿಂದ ಗೆರೆ ಹತ್ತಿರ. ವಿಂಗರ್‌ನನ್ನು ನೋಡಬೇಕೆಂದರೆ ಇದೇ ಮುಖ್ಯ. ಗೆರೆಯಂಚಿನ ಎರಡು ಮೀಟರ್‌ನಲ್ಲಿ ಅವನು ಮಾಡುವ ಕೆಲಸ ದೂರದಿಂದ ಕಾಣುವುದೇ ಇಲ್ಲ.

ಇಲ್ಲಿ ನಿಂತು 2005ರ ಜುಲೈ 27ನ್ನು ನೆನೆಯಬೇಕು. ಪೆತ್ರ್‌ಜಾಲ್ಕಾದ ಆರ್ಟ್‌ಮೀಡಿಯಾ ಕ್ಲಬ್ಬಿನ ಸ್ವಂತ ಅಂಗಳ ಚಿಕ್ಕದು. ಹಾಗಾಗಿ ಯುರೋಪಿನ ಪಂದ್ಯಗಳನ್ನು ಹಳೆಯ ತೆಹೆಲ್ನೆ ಪೋಲೆಯಲ್ಲಿ ಆಡುತ್ತಿತ್ತು. ಚಾಂಪಿಯನ್ಸ್ ಲೀಗ್ ಅರ್ಹತಾ ಸುತ್ತಿನಲ್ಲಿ ಗ್ಲಾಸ್ಗೊದ ಸೆಲ್ಟಿಕ್ ಬಂದಾಗ ಆರ್ಟ್‌ಮೀಡಿಯಾ 5-0ರಿಂದ ಗೆದ್ದಿತು, ಯುರಾಯ್ ಹಲೆನಾರ್ ಮೂರು ಗೋಲು ಹೊಡೆದರು. ಕೋಚ್ ಅಪ್ಪ ವೈಸ್. ಗ್ಲಾಸ್ಗೊದಲ್ಲಿ 4-0 ಸೋತರೂ ಒಟ್ಟು 5-4ರಲ್ಲಿ ಸೆಲ್ಟಿಕ್ ಹೊರಬಿತ್ತು. ಮುಂದೆ ಗುಂಪಿನ ಹಂತದಲ್ಲಿ ಎರಡು ಗೋಲು ಹಿಂದಿದ್ದು ಪೋರ್ಟೊವನ್ನು ಅದರ ಮನೆಯಲ್ಲೇ 3-2 ಸೋಲಿಸಿದರು. ಗ್ಲಾಸ್ಗೊದ ಇನ್ನೊಂದು ಕ್ಲಬ್ ರೇಂಜರ್ಸ್ ಜೊತೆ ಎರಡು ಬಾರಿ ಸಮ ಮಾಡಿಕೊಂಡರು. ಐದು ವರ್ಷದ ನಂತರ ಮಗ ಅದೇ ರೇಂಜರ್ಸ್‌ನ ನೀಲಿ ಅಂಗಿ ತೊಟ್ಟರು. 2010-11ರ ಋತುವಿನಲ್ಲಿ ರೇಂಜರ್ಸ್ ಲೀಗ್ ಗೆದ್ದಿತು, ಲೀಗ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ಅನ್ನು ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋಲಿಸಿತು. ಈ ನಂಟು ಅಲ್ಲಿಗೂ ಮುಗಿಯಲಿಲ್ಲ. 2024ರಲ್ಲಿ ಸ್ಲೊವಾನ್ ಎಂಟು ಅರ್ಹತಾ ಪಂದ್ಯಗಳನ್ನು ದಾಟಿ, ಅಪ್ಪ ವೈಸ್ ತರಬೇತಿಯಲ್ಲಿ, ಮಗ ತಂಡದಲ್ಲಿದ್ದಾಗ, ಚಾಂಪಿಯನ್ಸ್ ಲೀಗ್‌ಗೆ ಕಾಲಿಟ್ಟಿತು. ಮೊದಲ ಪಂದ್ಯ ಸೆಲ್ಟಿಕ್ ಅಂಗಳದಲ್ಲಿ, 5-1 ಸೋಲು. ಎರಡನೆಯದು ಅಕ್ಟೋಬರ್ 1ರಂದು ತೆಹೆಲ್ನೆ ಪೋಲೆಯಲ್ಲಿ. ಬಂದದ್ದು ಮಗನನ್ನು ಬೆಳೆಸಿದ ಮ್ಯಾಂಚೆಸ್ಟರ್ ಸಿಟಿ, ಗೆದ್ದದ್ದು 4-0. ಎಂಟು ಪಂದ್ಯ, ಎಂಟೂ ಸೋಲು. ಹೀಗಿದ್ದೂ ಇಟಲಿಯ ಮಿಲಾನ್ ಇಲ್ಲಿಂದ 3-2ರಲ್ಲಷ್ಟೇ ಗೆದ್ದು ಹೋಯಿತು. ಸ್ಲೊವಾಕ್ ಲೀಗ್‌ನಲ್ಲಿ ಚೆಂಡು ಕಳೆದುಕೊಂಡರೆ ಮರಳಿ ನಿಲ್ಲಲು ನಾಲ್ಕೈದು ಸೆಕೆಂಡ್ ಸಿಗುತ್ತದೆ, ಈ ಮಟ್ಟದಲ್ಲಿ ಸಿಗುವುದಿಲ್ಲ. ಆ ವ್ಯತ್ಯಾಸಕ್ಕೆ ಬಿದ್ದ ಬೆಲೆ ಅದು.

ನಡುವಿನ ಹಾದಿ ಉದ್ದವಾದದ್ದು. 2008ರಲ್ಲಿ ಸಿಟಿಯ ಕಿರಿಯರ ಜೊತೆ ಎಫ್‌ಎ ಯೂತ್ ಕಪ್. 2009ರ ಮೇ 24ರಂದು ಬೋಲ್ಟನ್ ವಿರುದ್ಧ ಮೊದಲ ಪ್ರೀಮಿಯರ್ ಲೀಗ್ ಪಂದ್ಯ. ಅದೇ ಡಿಸೆಂಬರ್‌ನಲ್ಲಿ ಲೀಗ್ ಕಪ್‌ನಲ್ಲಿ ಆರ್ಸೆನಲ್ ವಿರುದ್ಧ 3-0 ಗೆಲುವಿನ ಮೂರನೇ ಗೋಲು. ಮರುತಿಂಗಳೇ ಎರವಲಾಗಿ ಅದೇ ಬೋಲ್ಟನ್‌ಗೆ. ಹಣವಂತ ಕ್ಲಬ್ ವರ್ಷಕ್ಕೊಬ್ಬ ತಯಾರಾದ ವಿಂಗರ್‌ನನ್ನು ಕೊಳ್ಳುತ್ತಿರುವಾಗ ಅಕಾಡೆಮಿಯ ಹುಡುಗನಿಗೆ ಉಳಿಯುವುದು ಎರವಲಿನ ದಾರಿ ಮಾತ್ರ. ರೇಂಜರ್ಸ್ ಆದ ಮೇಲೆ ಬಾರ್ಸಿಲೋನಾದ ಎಸ್ಪಾನ್ಯೋಲ್, 2012ರಲ್ಲಿ ಇಟಲಿಯ ಪೆಸ್ಕಾರಾ, ಅಲ್ಲಿಂದ ಗ್ರೀಸಿನ ಒಲಿಂಪಿಯಾಕೋಸ್, 2014ರಿಂದ ಕತಾರ್. ದೋಹಾದಲ್ಲಿ ಮೊದಲು ಲೆಖ್ವಿಯಾ, ಅನಂತರ ಅಲ್ ಘರಾಫಾ. ಆ ವರ್ಷಗಳಲ್ಲಿ ಅಲ್ಲಿದ್ದ ಕನ್ನಡಿಗರಿಗೆ ಬ್ರಾಟಿಸ್ಲಾವಾಕ್ಕೆ ಬರದೆಯೇ ಇವರನ್ನು ನೋಡುವ ಅವಕಾಶವಿತ್ತು. 2020ರಲ್ಲಿ ಸ್ಲೊವಾನ್.

ರಾಷ್ಟ್ರೀಯ ತಂಡದ ಕಥೆಗೂ ಅಪ್ಪನ ನೆರಳಿದೆ. ಸ್ವತಂತ್ರ ಸ್ಲೊವಾಕಿಯಾದ ಮೊದಲ ವಿಶ್ವಕಪ್ 2010ರದು. ಕೋಚ್ ಅಪ್ಪ, ವಿಂಗರ್ ಮಗ. ಆದರೆ ಇಟಲಿಯನ್ನು 3-2ರಿಂದ ಹೊರಹಾಕಿದ ಆ ಜೋಹಾನ್ಸ್‌ಬರ್ಗ್ ಪಂದ್ಯದಲ್ಲಿ ಮಗ ಬೆಂಚಿನಿಂದ ಏಳಲೇ ಇಲ್ಲ. ಅಪ್ಪ ಆರಿಸಿದ್ದು ಬೇರೆ ವಿಂಗರ್‌ಗಳನ್ನು.

ಮಗನ ಪಂದ್ಯ 2016ರ ಜೂನ್ 15ರದು. ಯೂರೋ ಕಪ್, ಫ್ರಾನ್ಸಿನ ಲೀಲ್, ಎದುರಾಳಿ ರಷ್ಯಾ. ತೆಹೆಲ್ನೆ ಪೋಲೆಗೆ ಬರುವ ಹಿಂದಿನ ರಾತ್ರಿ ಆ 32ನೇ ನಿಮಿಷದ ಗೋಲನ್ನು ನಾಲ್ಕು ಸಲ ನೋಡಿ ಬರಬೇಕು. ಸಹ ಆಟಗಾರ ಮಾರೆಕ್ ಹಮ್ಷಿಕ್ ಬಹಳ ಹಿಂದಿನಿಂದ ಉದ್ದಕ್ಕೆ ಎತ್ತಿದ ಚೆಂಡು ಎಡ ಅಂಚಿಗೆ ಇಳಿಯುತ್ತದೆ. ವೈಸ್ ಬಲಗಾಲಿನ ಆಟಗಾರ, ನಿಂತದ್ದು ಎಡದಲ್ಲಿ. ಮೊದಲ ಸ್ಪರ್ಶದಲ್ಲೇ ಚೆಂಡು ಸತ್ತಂತೆ ಕಾಲಡಿ ನಿಲ್ಲುತ್ತದೆ. ಅದು ಅರ್ಧ ಮೀಟರ್ ಸಿಡಿದಿದ್ದರೂ ರಕ್ಷಕ ತಲುಪಿಬಿಡುತ್ತಿದ್ದ. ಆಮೇಲೆ ಹೊಡೆಯುವ ಭಂಗಿ ತೋರಿಸಿ ಹೊಡೆಯುವುದಿಲ್ಲ. ಇಬ್ಬರು ರಕ್ಷಕರು ತಡೆಯಲು ಮೈಚೆಲ್ಲುತ್ತಾರೆ, ಚೆಂಡು ಒಳಕ್ಕೆ ಸರಿಯುತ್ತದೆ, ರಷ್ಯಾದ ಗೋಲ್‌ಕೀಪರ್ ಅಕಿನ್ಫೆಯೆವ್‌ರನ್ನು ಬಲಗಾಲಿನ ಹೊಡೆತ ದಾಟುತ್ತದೆ. ವಿರಾಮಕ್ಕೆ ಮುಂಚೆ ಕಾರ್ನರ್ ಬಂದಾಗ ವೈಸ್ ಅದನ್ನು ಪೆನಾಲ್ಟಿ ಪೆಟ್ಟಿಗೆಗೆ ಎತ್ತದೆ ಹತ್ತಿರದ ಹಮ್ಷಿಕ್‌ಗೆ ಕೊಟ್ಟರು. ಹಮ್ಷಿಕ್ ಹೊಡೆದದ್ದು ಕಂಬಕ್ಕೆ ತಾಗಿ ಒಳಗೆ ಹೋಯಿತು. 2-1 ಗೆಲುವು.

ಇಷ್ಟು ತಲೆಯಲ್ಲಿದ್ದರೆ ಯಾವ ಆಸನ ಕೊಳ್ಳಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಗೋಲಿನ ಹಿಂದೆ ಬೇಡ. ಅಲ್ಲಿ ಬೆಂಬಲಿಗರ ಹಾಡು ಚೆನ್ನ, ಆದರೆ ವಿಂಗರ್ ಮುಂದೆ ಬರುತ್ತಿದ್ದಾನೋ ನಿಂತಿದ್ದಾನೋ ತಿಳಿಯದು. ಉದ್ದಬದಿಯ ಕೆಳ ಅಂತಸ್ತಿನಲ್ಲಿ, ನಡುಗೆರೆಗೂ ಪೆನಾಲ್ಟಿ ಪೆಟ್ಟಿಗೆಗೂ ನಡುವೆ, ಹತ್ತನೇ ಸಾಲಿನ ಆಸುಪಾಸು ಸರಿ. ತಂಡಗಳು ವಿರಾಮದಲ್ಲಿ ಬದಿ ಬದಲಿಸುವುದರಿಂದ ಒಂದು ಅವಧಿಯಲ್ಲಾದರೂ ಎಡ ವಿಂಗರ್ ಹತ್ತಿರ ಬಂದೇ ಬರುತ್ತಾನೆ. ನೋಡಬೇಕಾದದ್ದು ಚೆಂಡು ಬರುವ ಮೊದಲು: ತಿರುಗಿ ಹಿಂದೆ ಎಷ್ಟು ಸಲ ನೋಡಿದ, ಮೈ ಮೈದಾನದ ಕಡೆ ತೆರೆದಿದೆಯೇ, ಎಡ ಬ್ಯಾಕ್ (ಎಡ ಅಂಚಿನ ರಕ್ಷಕ) ಹೊರಗಿನಿಂದ ಓಡಿಬರುತ್ತಿದ್ದಾನೆಯೇ. ಆ ಓಟವಿಲ್ಲದಿದ್ದರೆ ಬಲಗಾಲಿನ ಎಡ ವಿಂಗರ್ ಒಳಕ್ಕೇ ಬರುತ್ತಾನೆಂದು ರಕ್ಷಕನಿಗೆ ಮೊದಲೇ ಗೊತ್ತು. ಆ ಒಂದು ದಾರಿ ಮುಚ್ಚಿದರೆ ಅವನ ಕೆಲಸ ಮುಗಿಯಿತು. ಓಟವಿದ್ದರೂ ಅಪಾಯವಿದೆ: ಒಳಗೆ ಚೆಂಡು ಕಳೆದರೆ ಎಡ ಬ್ಯಾಕ್ ಬಿಟ್ಟುಬಂದ ಜಾಗ ಬರಿದಾಗಿರುತ್ತದೆ, ಎದುರಾಳಿಯ ಮೊದಲ ಪಾಸ್ ಅಲ್ಲಿಗೇ ಬೀಳುತ್ತದೆ. ವೈಸ್ ಸ್ಲೊವಾನ್‌ನಲ್ಲಿ ಅಂಚು ಬಿಟ್ಟು ನಡುವಿನಲ್ಲೂ ಆಡಿದ್ದಾರೆ. ಮೂವತ್ತು ದಾಟಿದ ವಿಂಗರ್‌ಗಳಲ್ಲಿ ಇದು ಸಾಮಾನ್ಯ. ಮೂವತ್ತು ಮೀಟರಿನ ಓಟ ಕಡಿಮೆಯಾಗುತ್ತದೆ, ಮೊದಲ ಸ್ಪರ್ಶ ಉಳಿಯುತ್ತದೆ.

ಪ್ರವಾಸದ ತಿಂಗಳನ್ನು ಲೀಗ್ ನೋಡಿ ಗೊತ್ತುಮಾಡಬೇಕು. ಜುಲೈ ಕೊನೆಯಿಂದ ಮೇ ತನಕ ಋತು, ಆದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿಯ ತನಕ ಚಳಿಗಾಲದ ಬಿಡುವು. ಡಿಸೆಂಬರ್ ನಡು ದಾಟಿದ ಮೇಲೆ ಕ್ರಿಸ್ಮಸ್ ಸಂತೆ ನೋಡಲು ಬಂದವರಿಗೆ ಪಂದ್ಯ ಸಿಗುವುದಿಲ್ಲ. ಹನ್ನೆರಡು ತಂಡಗಳು 22 ಸುತ್ತು ಆಡಿದ ಮೇಲೆ ಆರಾರಾಗಿ ಒಡೆದು ಇನ್ನೂ 10 ಸುತ್ತು ಆಡುತ್ತವೆ. ಒಳ್ಳೆಯ ಪಂದ್ಯಗಳು ಬೇಕಿದ್ದರೆ ಏಪ್ರಿಲ್-ಮೇ. ದಿನಾಂಕ, ವೇಳೆ ಕೊನೆಗಳಿಗೆಯಲ್ಲಿ ಶನಿವಾರದಿಂದ ಭಾನುವಾರಕ್ಕೆ ಸರಿಯುವುದುಂಟು, ಹಾಗಾಗಿ ಎರಡು ರಾತ್ರಿ ತಂಗುವಂತೆ ಕೋಣೆ ಹಿಡಿಯಬೇಕು.

ನೆರೆಯೂರು ತ್ರ್‌ನವಾದ ತಂಡದ ವಿರುದ್ಧದ ಡರ್ಬಿ (ಬದ್ಧ ಎದುರಾಳಿಗಳ ಪಂದ್ಯ) ಸಿಕ್ಕರೆ ಬಿಡಬಾರದು. ಆದರೆ ಆ ದಿನ ತಿಳಿನೀಲಿಯ ಸ್ಲೊವಾನ್ ಸ್ಕಾರ್ಫ್ ಹಾಕಿಕೊಂಡು ತ್ರ್‌ನವಾ ಕಡೆಯ ರೈಲಿನಲ್ಲಿ ಕೂರಬಾರದು. ಟಿಕೆಟ್ ಕೊಳ್ಳುವಾಗ ಅತಿಥಿ ಬೆಂಬಲಿಗರ ವಿಭಾಗದ ಪಕ್ಕದ ಬ್ಲಾಕುಗಳನ್ನು ತಪ್ಪಿಸಬೇಕು, ಪಂದ್ಯ ಮುಗಿದ ಮೇಲೆ ಆ ಕಡೆಯ ದ್ವಾರಗಳನ್ನು ಪೊಲೀಸರು ತಡೆಹಿಡಿಯಬಹುದು.

ಊಟದ ಮಾತು. ಸಸ್ಯಾಹಾರಿಗಳಿಗೆ ಲಾಂಗೋಷ್ ಸುಲಭ: ಎಣ್ಣೆಯಲ್ಲಿ ಕರಿದ ಅಗಲ ರೊಟ್ಟಿ, ಮೇಲೆ ಬೆಳ್ಳುಳ್ಳಿ, ತುರಿದ ಚೀಸ್. ‘ವಿಪ್ರಾಜನಿ ಸೀರ್’ ಎಂದರೆ ಕರಿದ ಚೀಸ್, ಮೊಟ್ಟೆಯ ಲೇಪ ಇರುತ್ತದೆ ಎಂಬುದು ನೆನಪಿರಲಿ. ಕುರಿಹಾಲಿನ ಚೀಸ್ ಬೆರೆಸಿದ ಹಲುಷ್ಕಿ ಮೇಲೆ ಹಂದಿಕೊಬ್ಬಿನ ಚೂರು ಉದುರಿಸುವುದು ರೂಢಿ, ‘ಬೆಜ್ ಸ್ಲಾನಿನಿ’ ಎಂದು ಮೊದಲೇ ಹೇಳಬೇಕು. ಕುಡಿಯಲು ಕೊಫೊಲಾ, ಗಿಡಮೂಲಿಕೆಯ ವಾಸನೆಯ ಅವರದೇ ಕೋಲಾ.

ಕೊನೆಯ ಸೀಟಿ ಊದಿದ ಮೇಲೆ ಅಂಗಳದ ಎದುರಿನ ಟ್ರಾಮ್ ನಿಲ್ದಾಣಕ್ಕೆ ನುಗ್ಗುವ ಬದಲು ತ್ರ್‌ನವ್‌ಸ್ಕೆ ಮೀತೊ ತನಕ ನಡೆದುಬಿಡುವುದು ಲೇಸು. ಅಲ್ಲಿ ಹಲವು ಮಾರ್ಗಗಳು ಕೂಡುತ್ತವೆ. ವಿಯೆನ್ನಾಕ್ಕೆ ಅದೇ ರಾತ್ರಿ ಮರಳುವವರು ಕೊನೆಯ ರೈಲಿನ ವೇಳೆ ಬರೆದಿಟ್ಟುಕೊಳ್ಳುವಾಗ ಅದು ಹ್ಲಾವ್ನಾ ಸ್ತಾನಿಟ್ಸಾದಿಂದ ಹೊರಡುತ್ತದೋ ಪೆತ್ರ್‌ಜಾಲ್ಕಾದಿಂದಲೋ ಎಂಬುದನ್ನೂ ಜೊತೆಗೇ ಬರೆದುಕೊಳ್ಳಬೇಕು.