ಕಾರವಾರದ ಮಳೆಗಾಲದಲ್ಲಿ ಕಬ್ಬಿಣದ ಸೂಪರ್‌ಕಂಡಕ್ಟರ್

ಆಷಾಢದಲ್ಲಿ ಕಾರವಾರದ ಗಾಳಿಗೆ ಡಬ್ಬಿಯೊಳಗಿನ ಹಲಸಿನ ಹಪ್ಪಳವೇ ಮೆತ್ತಗಾಗುತ್ತದೆ. ಲಿಥಿಯಂ ಐರನ್ ಆರ್ಸೆನೈಡ್ ಎಂಬ ಕಬ್ಬಿಣದ ಸೂಪರ್‌ಕಂಡಕ್ಟರ್‌ನ (ತಂಪಾಗಿಸಿದಾಗ ರೋಧವಿಲ್ಲದೆ ವಿದ್ಯುತ್ ಹರಿಸುವ ವಸ್ತು) ಹರಳನ್ನು ಹೊರಗಿಟ್ಟರೆ ಕೇಳುವುದೇ ಬೇಡ. ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ (ಕೈಗವಸು ಜೋಡಿಸಿದ ಮುಚ್ಚಿದ ಪೆಟ್ಟಿಗೆ) ಇಲ್ಲದಿದ್ದರೆ ಅದರ ತಂಟೆಗೇ ಹೋಗಬೇಡಿ. ಇಂಥ ಹರಳಿಗೆ ಪುಟ್ಟ ಸಂಪರ್ಕ ಕೂರಿಸಿ ಅದರ ಗ್ಯಾಪ್, ಅಂದರೆ ಒಳಗಿನ ಎಲೆಕ್ಟ್ರಾನ್‌ಗಳಿಗೆ ಸಿಗದ ಶಕ್ತಿಯ ಅಂತರ, ಅಳೆಯುವುದು ನಮ್ಮ ಕೆಲಸ. ಕೈ ಪಳಗಿಸಲು ಪೊಟ್ಯಾಸಿಯಂ ಬೆರೆಸಿದ ಬೇರಿಯಂ 122 (ಬೇರಿಯಂ, ಕಬ್ಬಿಣ, ಆರ್ಸೆನಿಕ್ 1:2:2ರಲ್ಲಿ ಸೇರಿದ ಹರಳು) ವಾಸಿ. ಸುಮಾರು 38 ಕೆಲ್ವಿನ್‌ನಲ್ಲಿ ಅದರ ರೋಧ ಸೊನ್ನೆಗಿಳಿಯುತ್ತದೆ.

ಹರಳನ್ನು ಟೇಪಿನಿಂದ ಸೀಳಿ. ಹೊಳೆಯುವ ಹೊಸ ಮೈಮೇಲೆ 25 ಮೈಕ್ರಾನ್ ಚಿನ್ನದ ತಂತಿಯನ್ನು 50 ಮೈಕ್ರಾನ್ ಅಗಲದ ಬೆಳ್ಳಿ ಪೇಸ್ಟ್ ಹನಿಯಿಂದ ಕೂರಿಸಿ. ಹನಿ ದೊಡ್ಡದು ಅನಿಸಿದರೂ ವಿದ್ಯುತ್ ಹರಿಯುವುದು ಅದರಡಿಯ ನ್ಯಾನೋ ಗಾತ್ರದ ಕೆಲವೇ ಬಿಂದುಗಳಲ್ಲಿ. ಸಂಪರ್ಕದ ರೋಧ 10ರಿಂದ 50 ಓಮ್ ಇರಲಿ. 4.2 ಕೆಲ್ವಿನ್‌ನಲ್ಲಿ ಲಾಕ್-ಇನ್‌ನ (ಸಣ್ಣ ಸಂಕೇತ ಅಳೆಯುವ ಉಪಕರಣ) ಎಸಿ ಅಲೆ 0.2 ಮಿಲಿವೋಲ್ಟ್ ಮೀರಿದರೆ ಗ್ಯಾಪ್‌ನ ಅಂಚು ಮಸುಕಾಗುತ್ತದೆ.

ಎಡವುವುದು ಇಲ್ಲಿ: ವೋಲ್ಟೇಜ್‌ಗೆ ತಕ್ಕಂತೆ ಬರೆದ ವಾಹಕತೆಯ ಗ್ರಾಫ್‌ನಲ್ಲಿ ಚೂಪಾದ ಕುಳಿ ಕಂಡ ಕೂಡಲೇ ಗ್ಯಾಪ್ ಸಿಕ್ಕಿತು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ಕ್ರಿಟಿಕಲ್ ಕರೆಂಟ್‌ನ (ಮೀರಿದರೆ ಸೂಪರ್‌ಕಂಡಕ್ಟರ್ ಗುಣ ಕೆಡುವ ಕರೆಂಟ್ ಮಿತಿ) ಆಟ. ಸಣ್ಣ ವೋಲ್ಟೇಜ್ ಪಲ್ಸ್ ಕೊಟ್ಟು ಸಂಪರ್ಕದ ರೋಧ ಬದಲಿಸಿ ನೋಡಿ. ಕುಳಿ ಜಾಗ ಬದಲಿಸಿದರೆ ಆ ಡೇಟಾ ಬಿಸಾಡಿ. ನಿಜವಾದ ಗ್ಯಾಪ್ ಅಲ್ಲಾಡುವುದಿಲ್ಲ.

ಅಂದಹಾಗೆ, ತೇವ ಯಾವಾಗಲೂ ಶತ್ರುವಲ್ಲ. ಸ್ಟ್ರಾನ್ಷಿಯಂ 122ರ ತೆಳುಪದರ ನೀರಾವಿ ತಾಗಿದರೇ ಸೂಪರ್‌ಕಂಡಕ್ಟರ್ ಆಗುತ್ತದೆಂದು ಜಪಾನಿನಲ್ಲಿ 2009ರಲ್ಲೇ ತೋರಿಸಿದ್ದಾರೆ.