ಜಾತ್ರೆ ದಿನ ಒಡೆದ ಜೆಟ್ ಸ್ಪ್ರೇ ಪೈಪು

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹಾಗಾಗಿ ಆ ಹೊತ್ತಿಗೆ ಯಾವ ಮನೆಗೆ ಹೋದರೂ ನೆಂಟರೇ ನೆಂಟರು. ನಮ್ಮ ಮನೆಯೂ ತುಂಬಿತ್ತು. ಬೆಳಿಗ್ಗೆ ಟಾಯ್ಲೆಟ್ ಮುಂದೆ ಜನ ಕಾಯ್ತಾ ಇರುವಾಗಲೇ ಒಳಗೆ ಜೆಟ್ ಸ್ಪ್ರೇ ಪೈಪು ಟಪ್ ಅಂತ ಒಡೆಯಿತು. ಗೋಡೆಗೆಲ್ಲ ನೀರು. ಆ ಪೈಪಿಗೆ ನೀರು ಬಿಡುವ ಗೋಡೆಯ ನಲ್ಲಿ, ಅಂದರೆ ಆಂಗಲ್ ಕಾಕ್ ತಿರುಗಿಸಿದರೆ ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾನು ಪ್ರೆಶರ್ ಪಂಪ್ ಆಫ್ ಮಾಡಿದೆ, ಭಾವ ಮಹಡಿಗೆ ಓಡಿ ಟ್ಯಾಂಕ್ ಕೆಳಗಿನ ವಾಲ್ವ್ ಬಂದ್ ಮಾಡಿದರು.

ಪ್ಲಂಬರ್‌ಗೆ ಫೋನ್ ಮಾಡಿದರೆ ಜಾತ್ರೆ ಮುಗಿಯಲಿ ಅಂದರು. ಅವರ ಮನೆಯಲ್ಲೂ ಹಬ್ಬ ಅಲ್ವಾ.

ಬಕೆಟ್ಟು ಚೊಂಬು ಇಟ್ಟರೆ ಆಯ್ತು ಅಂತ ಯಾರೋ ಹೇಳಿದರು. ಉಳಿದವರಿಗೆ ಸರಿ. ಆದರೆ ಅಮ್ಮನಿಗೆ ಮಂಡಿ ನೋವು, ಕಮೋಡ್ ಮೇಲೆ ಕೂತು ಪಕ್ಕಕ್ಕೆ ಬಗ್ಗಿ ಚೊಂಬು ತುಂಬಿಕೊಳ್ಳೋಕೆ ಆಗಲ್ಲ. ಯಾರನ್ನೂ ಕರೆಯದೆ ತನ್ನ ಕೆಲಸ ತಾನೇ ಮುಗಿಸಿಕೊಂಡು ಬರೋದು ಅವಳಿಗೆ ದೊಡ್ಡ ವಿಷಯ, ಅದೂ ಮನೆ ತುಂಬ ಜನ ಇರುವಾಗ. ಅದಕ್ಕೇ ನಾವೇ ಕೈ ಹಾಕಿದೆವು.

ಹಳೇ ಪೈಪು ಬಿಚ್ಚಿದಾಗ ಕಾರಣ ಕಣ್ಣಿಗೇ ಕಂಡಿತು. ಹೊರಗಿನ ಸ್ಟೀಲ್ ಸುತ್ತು ಹೊಳೆಯುತ್ತಿತ್ತು, ಆದರೆ ಒಳಗಿನ ಪ್ಲಾಸ್ಟಿಕ್ ನಳಿಗೆ ನಟ್ ಹತ್ತಿರ ಉದ್ದಕ್ಕೆ ಸೀಳಿತ್ತು. ಪೈಪು ಯಾವಾಗಲೂ ಮಡಚಿಕೊಳ್ಳುವುದು ಅಲ್ಲೇ. ಜೊತೆಗೆ ಒತ್ತಡ. ಟ್ಯಾಂಕ್ ಹತ್ತು ಮೀಟರ್ ಎತ್ತರದಲ್ಲಿದ್ದರೂ ಸಿಗುವ ಒತ್ತಡ ಸುಮಾರು 1 ಬಾರ್ ಮಾತ್ರ, ಪಂಪ್ ಇದ್ದರೆ ಅದಕ್ಕಿಂತ ಜಾಸ್ತಿ. ಆಂಗಲ್ ಕಾಕ್ ಹಗಲೂ ರಾತ್ರಿ ತೆರೆದೇ ಇದ್ದರೆ ಆ ಒತ್ತಡ ಅಷ್ಟೂ ಆ ತೆಳ್ಳನೆ ನಳಿಗೆ ಮೇಲೇ. ಸುಮಾರು ಮನೆಗಳಲ್ಲಿ ಅದು ತೆರೆದೇ ಇರುತ್ತದೆ. ಬಳಸಿದ ಮೇಲೆ ಬಂದ್ ಮಾಡಿದರೆ ಪೈಪು ಬಾಳಿಕೆ ಬರುತ್ತದೆ. ಒಡೆದರೂ ಮನೆಯೊಳಗೆ ನೀರು ನುಗ್ಗಲ್ಲ.

ಕಾಕ್ ಬಿಗಿದುಕೊಂಡಿದ್ದು ಬೋರ್ ನೀರಿನ ಉಪ್ಪಿನಿಂದ. ನಮ್ಮಲ್ಲಿ ಕುಡಿಯೋಕೆ, ಅಡುಗೆಗೆ ತುಂಗಭದ್ರೆ ನೀರು, ಬಚ್ಚಲಿಗೆ ಬೋರ್ ನೀರು. ತಿರುಗಿಸದೆ ಬಿಟ್ಟ ಕಾಕ್‌ನೊಳಗೆ ಸುಣ್ಣ ಕಟ್ಟಿಕೊಳ್ಳುತ್ತದೆ. ಹಳೇ ವಾಷರ್ ಕೂಡ ಹುಣಸೆ ಬೀಜದ ಹಾಗೆ ಗಟ್ಟಿಯಾಗಿತ್ತು.

ಪಿ.ಬಿ. ರಸ್ತೆ ಕಡೆ ಒಂದು ಅಂಗಡಿ ತೆರೆದಿತ್ತು. ಅರ್ಧ ಇಂಚಿನ ಒಂದು ಮೀಟರ್ ಪೈಪು, ಒಳಗೆ ರಬ್ಬರ್ ನಳಿಗೆ ಇರೋದೇ ಬೇಕು ಅಂತ ಕೇಳಿ ತಂದೆವು. ಜೊತೆಗೆ ಎರಡು ವಾಷರ್. ಭಾವ ಟೆಫ್ಲಾನ್ ಟೇಪ್ ಸುತ್ತೋಕೆ ಹೊರಟರು, ನಾನು ಬೇಡ ಅಂದೆ. ಪೈಪಿನ ನಟ್‌ನಲ್ಲಿ ನೀರು ತಡೆಯೋದು ವಾಷರ್, ಅಲ್ಲಿ ಟೇಪ್‌ಗೆ ಕೆಲಸ ಇಲ್ಲ. ಟೇಪ್ ಬೇಕಾಗೋದು ಆಂಗಲ್ ಕಾಕ್ ಗೋಡೆಯೊಳಗೆ ಹೋಗುವ ತಿರುಪಿನ ಭಾಗಕ್ಕೆ, ಅಲ್ಲೂ ಬಿಗಿಯುವ ದಿಕ್ಕಿಗೇ ಸುತ್ತಬೇಕು. ನಟ್ ಅನ್ನು ಕೈಯಲ್ಲಿ ಬಿಗಿ ಮಾಡಿ, ಬಟ್ಟೆ ಸುತ್ತಿ ಸ್ಪ್ಯಾನರ್‌ನಿಂದ ಕಾಲು ಸುತ್ತು ಕೊಟ್ಟರೆ ಸಾಕು. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ, ಸುಮ್ನೆ ಮತ್ತೆ ಅಂಗಡಿಗೆ ಓಡಬೇಕು.

ಪೈಪು ಕೂತಿತು, ಆದರೂ ನೀರು ಸಣ್ಣಗೆ, ಅಡ್ಡಡ್ಡ ಬರುತ್ತಿತ್ತು. ಕೈಯಲ್ಲಿ ಹಿಡಿಯುವ ಸ್ಪ್ರೇ ಹೆಡ್ ಬಿಚ್ಚಿ ಪೈಪನ್ನು ಬಕೆಟ್‌ಗೆ ಬಿಟ್ಟೆವು, ರಭಸವಾಗಿ ಬಂತು. ಅಂದರೆ ತೊಂದರೆ ಹೆಡ್‌ನಲ್ಲೇ. ಪೈಪಿನಿಂದಲೇ ಸಣ್ಣಗೆ ಬಂದಿದ್ದರೆ ಕಾಕ್ ಅಥವಾ ಲೈನ್ ನೋಡಬೇಕಿತ್ತು. ಬಿಳಿ ಪದರ ತೂತುಗಳನ್ನು ಅರ್ಧ ಮುಚ್ಚಿತ್ತು. ವಿನೆಗರ್‌ನಲ್ಲಿ ಮುಳುಗಿಸಿಟ್ಟೆವು, ಮಧ್ಯಾಹ್ನದ ಹೊತ್ತಿಗೆ ಹಳೇ ಬ್ರಷ್‌ನಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರಿತು. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಮಾತ್ರ ಹಾಕಬೇಡಿ, ಕ್ರೋಮ್ ಕಿತ್ತು ಹೋಗುತ್ತದೆ.

ಉಪ್ಪು ಹೋದ ಮೇಲೆ ಟ್ರಿಗರ್ ಕೂಡ ಮೆತ್ತಗಾಯಿತು, ಕೈ ಬಿಟ್ಟರೆ ತೊಟ್ಟಿಕ್ಕುವುದೂ ನಿಂತಿತು. ಅಮ್ಮ ಇಷ್ಟು ದಿನ ಎರಡೂ ಕೈಯಲ್ಲಿ ಒತ್ತುತ್ತಿದ್ದಳಂತೆ. ಯಾರಿಗೂ ಹೇಳಿರಲಿಲ್ಲ. ಹುಕ್ ಅವಳ ಬೆನ್ನ ಹಿಂದೆ ಇತ್ತು, ಅದನ್ನೂ ಕಿತ್ತು ಬಲಗೈಗೆ ಸಿಗುವ ಹಾಗೆ, ಕಮೋಡ್ ಅಂಚಿಗಿಂತ ಮೇಲೆ ಹಾಕಿದೆವು. ಸ್ಪ್ರೇ ಕಮೋಡ್ ಒಳಗೆ ಇಳಿಬಿದ್ದಿದ್ದರೆ, ಲೈನ್ ಖಾಲಿಯಾದಾಗ ಆ ಕೊಳೆ ನೀರು ಪೈಪಿನೊಳಗೆ ಎಳೆದುಕೊಳ್ಳಬಹುದು.

ಬಿಗಿದ ಕಾಕ್ ಮಾತ್ರ ಪ್ಲಂಬರ್‌ಗೇ ಬಿಟ್ಟೆವು. ಜೋರಾಗಿ ತಿರುಗಿಸಿ ಗೋಡೆಯೊಳಗೆ ಪೈಪು ತಿರುಗುವ ಕಡೆಯ ಜೋಡಣೆ, ಎಲ್ಬೋ, ಸೀಳಿದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಅವರು ಬರುವವರೆಗೂ ರಾತ್ರಿ ಮಲಗುವ ಮೊದಲು ಪಂಪ್ ಆಫ್ ಮಾಡುತ್ತಿದ್ದೆವು.